ಕುಚ್ಚು ತಾನಾಗಿಯೇ ಉದುರುತ್ತದೆ

ಜನವರಿ ೯

ಮಾವನಿಗೆ ನಮಸ್ಕಾರ. ಅತ್ತೆಗೆ ಇನ್ನೂ ದೊಡ್ಡ ನಮಸ್ಕಾರ, ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದವರು ಅವರಲ್ಲವೇ.

ಒಡೆದವು ಮಾವ! ಹನ್ನೆರಡರಲ್ಲಿ ಒಂಬತ್ತು ಮರಿ. ಹಳೆಯ ಗೋಡೆ ಗಡಿಯಾರದ ಖಾಲಿ ಪೆಟ್ಟಿಗೆಗೆ ಬಲ್ಬು ಹಾಕಿ ಕಾವು ಕೊಡುತ್ತೇನೆ ಅಂದಾಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ. "ಹುಟ್ಟಿದ ಮರಿ ಗಂಟೆಗೊಂದ್ಸಲ ಢಣ್ ಅನ್ನತ್ತೆ ನೋಡ್ತಿರು" ಅಂದಿರಿ. ಇನ್ನೂ ಅಂದಿಲ್ಲ. ಇಪ್ಪತ್ತೊಂದನೇ ದಿನ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮೊದಲ ಚಿಪ್ಪು ಬಿರಿಯಿತು. ರಿಪೇರಿಗೆ ಬಂದ ಏಳು ಕೈಗಡಿಯಾರಗಳನ್ನು ಹಾಗೇ ಬಿಟ್ಟು ಪೆಟ್ಟಿಗೆಯ ಮುಂದೆ ಕೂತಿದ್ದೆ. ಗಿರಾಕಿಯೊಬ್ಬರು ಬಂದು ತಮ್ಮ ಗಡಿಯಾರ ಕೇಳಿದರು, ಅವರನ್ನೂ ಪಕ್ಕಕ್ಕೆ ಕೂರಿಸಿಕೊಂಡೆ. ಮೂರು ಮರಿ ಹೊರಗೆ ಬರುವವರೆಗೂ ಅವರು ಗಡಿಯಾರದ ಮಾತೆತ್ತಲಿಲ್ಲ.

ಈಗ ನನ್ನ ತಲೆ ತಿನ್ನುತ್ತಿರುವ ಸಂಗತಿಗೆ ಬರುತ್ತೇನೆ. ಐದು ಮರಿಗಳ ಕತ್ತು ಬೋಳಾಗಿದೆ, ಆದರೆ ಪೂರ್ತಿ ಬೋಳಲ್ಲ. ಕತ್ತಿನ ಮುಂದೆ, ಬುಡದಲ್ಲಿ, ಒಂದು ಪುಟ್ಟ ಕುಚ್ಚು ಇದೆ, ಟೈ ಕಟ್ಟಿಕೊಂಡು ಕೆಲಸಕ್ಕೆ ಹೊರಟವರ ಹಾಗೆ. ಇನ್ನು ನಾಲ್ಕಕ್ಕೆ ಕತ್ತಿನ ತುಂಬಾ ತುಪ್ಪುಳ, ಮಾಮೂಲಿ ಕೋಳಿಮರಿಗಳಂತೆ. ಬೋಳುಕತ್ತಿನ ತಳಿಯಲ್ಲಿ ಈ ತುಂಬುಗತ್ತಿನವು ಎಲ್ಲಿಂದ ಬಂದವು? ನಿಮ್ಮ ಹುಂಜ ದೊರೆಯನ್ನು ಹೋದ ವರ್ಷದ ಪ್ರದರ್ಶನದಲ್ಲಿ ಕಣ್ಣಾರೆ ನೋಡಿದ್ದೇನೆ. ತಲೆಯಿಂದ ಎದೆಯವರೆಗೆ ಒಂದು ಎಳೆ ಗರಿ ಇರಲಿಲ್ಲ, ಆಗ ತಾನೇ ನಿಮ್ಮ ಸಲೂನಿನ ಕುರ್ಚಿಯಿಂದ ಎದ್ದು ಬಂದವನಂತಿದ್ದ. ಕೋಳಿ ಸಂಘದ ತೀರ್ಪುಗಾರರು ಅಂಥ ಸಾಫು ಕತ್ತಿಗೆ ತಾನೇ ಜೀವ ಬಿಡುವುದು?

ಅಂದಹಾಗೆ, ಮೊಟ್ಟೆ ತರಲು ಬಂದಾಗ ನೋಡಿದೆ, ಪ್ರದರ್ಶನದಲ್ಲಿ ನೀವು ಗೆದ್ದ ಬೆಳ್ಳಿ ಕಪ್ಪಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಅತ್ತೆ ಕಿಟಕಿಯ ಸರಳುಗಳನ್ನೂ ಒಂದೊಂದಾಗಿ ಒರೆಸುವವರು, ಅದೊಂದನ್ನು ಯಾಕೆ ಬಿಡುತ್ತಾರೆ? ಮುಂದಿನ ಸಲ ಬಂದಾಗ ನಾನೇ ಒರೆಸುತ್ತೇನೆ.

ನಿಮ್ಮ ಪುಟ್ಟಿ

ಜನವರಿ ೨೦

ಪುಟ್ಟಿಗೆ ಮಾವನ ಆಶೀರ್ವಾದ. ದೊರೆಯದ್ದೂ ಸೇರಿಸಿಕೋ, ನಾನು ಇದನ್ನು ಬರೆಯುವಾಗ ಕಿಟಕಿಯ ಮೇಲೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾನೆ.

ಭೇಷ್! ಒಂಬತ್ತು ಮರಿ ಅಂದರೆ ತಮಾಷೆಯಲ್ಲ. ನನ್ನ ಮೊದಲ ವರ್ಷ ಹನ್ನೆರಡಕ್ಕೆ ನಾಲ್ಕು ಬಂದಿದ್ದವು, ಅದಕ್ಕೇ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ನಿನ್ನ ಪ್ರಶ್ನೆ ಏನು ಮಹಾ? ನಮ್ಮ ಹೇಟೆಗಳಿಗೆ ಕತ್ತಿನ ತುಂಬಾ ಗರಿ ಇದೆ. ಕೆಲವು ಮರಿ ಅಪ್ಪನನ್ನು ಹೋಲುತ್ತವೆ, ಕೆಲವು ಅಮ್ಮನನ್ನು. ನೀನೇ ಇಲ್ಲವೇ, ಮೂಗು ನಿಮ್ಮಪ್ಪನದು, ಹಠ ನಮ್ಮಕ್ಕನದು. ಹೇಟೆಗೂ ಬೋಳು ಕತ್ತೇ ಇರಲಿ ಅಂತ ನಿನ್ನ ತಲೆಗೆ ಹೊಳೆದಿದ್ದರೆ ಈಗಲೇ ಕಿತ್ತು ಹಾಕು. ಬೋಳಿಗೆ ಬೋಳು ಕೂಡಿಸಿದರೆ ಮರಿಗಳು ಚಳಿ ತಡೆಯದೆ ಸಾಯುತ್ತವೆ. ಮೊದಲ ವರ್ಷ ಹಾಗೆ ಮಾಡಿ, ಬಂದ ನಾಲ್ಕೂ ಮರಿಗಳನ್ನು ಒಂದು ವಾರ ಹಿಡಿದ ಜಡಿಮಳೆಯಲ್ಲಿ ಕಳೆದುಕೊಂಡೆ. ಅವತ್ತಿನಿಂದ ಇಪ್ಪತ್ತೆರಡು ವರ್ಷ, ಬೋಳು ಹುಂಜಕ್ಕೆ ಗರಿಯ ಹೇಟೆ. ಕತ್ತು ಬೋಳಾದ ಹೇಟೆ ಹುಟ್ಟಿದರೆ ಹಾಲಿನವಳಿಗೆ ಕೊಟ್ಟುಬಿಡುತ್ತೇನೆ.

ಕುಚ್ಚಿನ ಚಿಂತೆ ಬೇಡ. ಮರಿ ಬೆಳೆದಂತೆ ಅದು ತಾನಾಗಿಯೇ ಉದುರುತ್ತದೆ.

ಕಪ್ಪಿನ ಕಥೆ ಕೇಳಿದ್ದೀಯ. ನಿಮ್ಮತ್ತೆಗೆ ನನ್ನ ಕೋಳಿಗಳು ಅಂದರೆ ಸವತಿಯರಿದ್ದ ಹಾಗೆ. ಸವತಿಯ ಒಡವೆಯನ್ನು ಯಾರಾದರೂ ಒರೆಸಿ ಇಡುತ್ತಾರೆಯೇ? ನೀನು ನಿನ್ನ ಗಡಿಯಾರಗಳನ್ನು ಒರೆಸು.

ನಿನ್ನ ಮಾವ

ಫೆಬ್ರವರಿ ೬

ಮಾವನಿಗೆ ನಮಸ್ಕಾರ.

ಕುಚ್ಚು ಇನ್ನೂ ಉದುರಿಲ್ಲ. ಉದುರುವುದಿರಲಿ, ದಪ್ಪಗಾಗುತ್ತಿದೆ. ಪ್ರತಿ ಭಾನುವಾರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಐದೂ ಕತ್ತುಗಳನ್ನು ಪರೀಕ್ಷೆ ಮಾಡುತ್ತೇನೆ. ಮಹಡಿಯ ಮೇಲೆ ಬಟ್ಟೆ ಒಣಹಾಕಲು ಬರುವ ಬೇಕರಿಯವರ ಹೆಂಡತಿ "ಕೋಳಿಗೂ ಟೈಮ್ ಸೆಟ್ ಮಾಡ್ತೀರಾ?" ಅಂತ ಕೇಳಿದರು.

ಮಾವ, ಇಲ್ಲೊಬ್ಬರು ದನದ ಡಾಕ್ಟರು ಇದ್ದಾರೆ. ಅವರ ಗಡಿಯಾರ ದಿನಕ್ಕೆ ಹನ್ನೊಂದು ನಿಮಿಷ ಹಿಂದೆ ಬೀಳುತ್ತಿತ್ತು, ಸರಿ ಮಾಡಿಕೊಟ್ಟೆ. ಖುಷಿಗೆ ಒಂದು ಪುಸ್ತಕ ಓದಲು ಕೊಟ್ಟರು. ಅದರಲ್ಲಿ ನಿಮ್ಮ ಕೋಳಿಯದೇ ಒಂದು ಅಧ್ಯಾಯ ಇದೆ! ಅದು ಹೇಳುವುದು ಇಷ್ಟು. ಕತ್ತು ಬೋಳು ಮಾಡುವ ಗುಣವನ್ನು ಮರಿ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಪಡೆಯಬಹುದು. ಎರಡೂ ಪಾಲು ಸಿಕ್ಕರೆ ಸಾಫು ಕತ್ತು. ಒಂದೇ ಸಿಕ್ಕರೆ ಕುಚ್ಚು. ಒಂದೂ ಸಿಗದಿದ್ದರೆ ತುಂಬುಗತ್ತು.

ಈಗ ನೋಡಿ ಮಜಾ. ದೊರೆಯ ಕತ್ತು ಸಾಫು, ಅಂದರೆ ಅವನಲ್ಲಿರುವುದು ಎರಡೂ ಬೋಳಿನ ಪಾಲುಗಳೇ. ಯಾವ ಮರಿಗೆ ಯಾವುದನ್ನು ಕೊಟ್ಟರೂ ಬೋಳಿನದ್ದನ್ನೇ ಕೊಡಬೇಕು, ಬೇರೆ ಅವನ ಹತ್ತಿರ ಇಲ್ಲವಲ್ಲ. ಹಾಗಾದರೆ ಅವನ ಮಕ್ಕಳೆಲ್ಲ ಕುಚ್ಚಿನವೇ ಆಗಬೇಕಿತ್ತು. ನನ್ನ ನಾಲ್ಕು ತುಂಬುಗತ್ತಿನವು ಹುಟ್ಟುವ ಹಾಗೇ ಇಲ್ಲ! ಆದರೆ ಇಲ್ಲೇ ನನ್ನ ಕಾಲ ಬಳಿ ಚಪ್ಪಲಿಯ ಉಂಗುಷ್ಠ ಕುಕ್ಕುತ್ತಿವೆ.

ಪುಸ್ತಕ ತಪ್ಪೋ ದೊರೆ ತಪ್ಪೋ? ಇನ್ನೊಂದು ಹತ್ತು ಮೊಟ್ಟೆ ಕಳಿಸುತ್ತೀರಾ? ನಿಮ್ಮ ಅಕ್ಷರ ಈ ಸಲ ಯಾಕೋ ಕುಣಿದಾಡುತ್ತಿತ್ತು, ಮೊಣಕಾಲಿನ ಮೇಲಿಟ್ಟುಕೊಂಡು ಬರೆದಿರೇನು?

ಪುಟ್ಟಿ

ಫೆಬ್ರವರಿ ೧೫

ಪುಟ್ಟಿಗೆ,

ಹೌದು, ಮೊಣಕಾಲಿನ ಮೇಲೆ. ಮೇಜಿನ ಮೇಲೆ ನಿಮ್ಮತ್ತೆ ಹಪ್ಪಳದ ಹಾಗೆ ಬಟ್ಟೆ ಹರವಿದ್ದಳು.

ಪುಸ್ತಕ ಬರೆದವರು ಕೋಳಿ ಸಾಕಿದ್ದಾರೋ ಕಾಗದ ಸಾಕಿದ್ದಾರೋ ನನಗೆ ಗೊತ್ತಿಲ್ಲ. ನೀನು ಕೇಳಿದ ಮೇಲೆ ನೆನಪಾಯಿತು, ಪಕ್ಕದ ಮನೆಯ ಕೆಂಪು ಹುಂಜ ಆಗಾಗ ಬೇಲಿ ಹಾರಿ ಬರುತ್ತದೆ. ಅದಕ್ಕೆ ಮಾನ ಮರ್ಯಾದೆ ಇಲ್ಲ. ನಾಲ್ಕು ಮರಿ ಅದರದ್ದೇ ಇರಬೇಕು. ಅಲ್ಲಿಗೆ ಮುಗಿಯಿತು. ಇದಕ್ಕೆಲ್ಲ ರೆಕ್ಕೆ ಪುಕ್ಕ ಸೇರಿಸಬೇಡ.

ಈಗ ಹೇಟೆಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ. ಕಳಿಸಲು ಆಗುವುದಿಲ್ಲ.

ಮಾವ

ಮಾರ್ಚ್ ೨೨

ಮಾವನಿಗೆ, ಈ ಸಲ ನಮಸ್ಕಾರದ ಜೊತೆ ಒಂದು ಸಲಾಮು ಕೂಡ.

ಮೊಟ್ಟೆ ಇಲ್ಲ ಅಂತ ಬರೆದು ನನ್ನನ್ನು ಬೇಸ್ತು ಬೀಳಿಸಿದಿರಲ್ಲ! ನಿಮ್ಮ ಕಾಗದ ಬಂದ ಎಂಟನೇ ದಿನಕ್ಕೆ ಬಸ್ಸಿನವರ ಕೈಯಲ್ಲಿ ಹನ್ನೊಂದು ಮೊಟ್ಟೆ ಬಂದವು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ತಾರೀಕು, ಜೊತೆಗೆ ಅತ್ತೆಯ ಚೀಟಿ: "ಗೂಡಿನೊಳಗೆ ದೊರೆ, ನಾಲ್ಕು ಹೇಟೆ ಬಿಟ್ಟು ಮೂರು ವಾರ ಒಂದು ನೊಣಾನೂ ಹೋಗಿಲ್ಲ. ನಿನ್ನ ಮೊದಲ ಪ್ರಶ್ನೆ ಓದಿದ್ಮೇಲೇ ಬೀಗ ಹಾಕಿದ್ದೆ. ಬೀಗದ ಕೈ ನನ್ನ ಸೊಂಟದಲ್ಲಿತ್ತು." ಓದಿ ಬಿದ್ದು ಬಿದ್ದು ನಕ್ಕೆ. ಇಬ್ಬರೂ ಸೇರಿಕೊಂಡು ನನಗೆ ಆಶ್ಚರ್ಯ ಕೊಡಲು ಹೀಗೆ ಮಾಡಿದ್ದು ತಾನೇ?

ಹತ್ತು ಮರಿಯಾಗಿವೆ. ಐದಕ್ಕೆ ಕುಚ್ಚು, ಐದು ತುಂಬುಗತ್ತು. ಪಕ್ಕದ ಮನೆಯ ಕೆಂಪು ಹುಂಜ ನಿರಪರಾಧಿ ಮಾವ, ಅದರ ಕ್ಷಮೆ ಕೇಳಿಬಿಡಿ. ಎರಡೂ ಸಲ ಸೇರಿಸಿದರೆ ಹತ್ತೊಂಬತ್ತು ಮರಿ, ಹತ್ತು ಕುಚ್ಚಿನವು, ಒಂಬತ್ತು ಗರಿಯವು, ಸಾಫು ಒಂದೂ ಇಲ್ಲ. ಹೆಚ್ಚು ಕಡಿಮೆ ಅರ್ಧ ಅರ್ಧ. ಸಾಫು ಕತ್ತಿನ ಹುಂಜದಿಂದ ಹೀಗಾಗಲು ಸಾಧ್ಯವೇ ಇಲ್ಲ ಅನ್ನುತ್ತದೆ ಪುಸ್ತಕ. ನಿಮ್ಮ ಸಾಲಿನಲ್ಲಿ ಏನೋ ಹೊಸದು ಇದೆ. ಯಾರೂ ಈವರೆಗೆ ನೋಡದ್ದು! ದನದ ಡಾಕ್ಟರು ನನ್ನ ನೋಟ್‌ಬುಕ್ಕನ್ನು ಎರಡು ಸಲ ಓದಿ, "ನಿಮ್ಮ ಎಣಿಕೆ ಸರಿ ಇದ್ರೆ ಇದು ದೊಡ್ಡ ಸುದ್ದಿ ಕಣ್ರೀ" ಅಂದರು. ಎಣಿಕೆ ಸರಿ ಇಲ್ಲದೆ ಏನು, ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳನ್ನು ಎಣಿಸುವ ಕಣ್ಣು ಇದು.

ಈಗ ನಿಜವಾದ ಸುದ್ದಿ. ಕೋಳಿ ಸಂಘದ ಕಾರ್ಯದರ್ಶಿಗೆ ಬರೆದಿದ್ದೆ. ಮೇ ಹದಿನೆಂಟರ ವಾರ್ಷಿಕ ಸಭೆಯಲ್ಲಿ ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ! ನನಗೆ, ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಗಡಿಯಾರ ಬಿಚ್ಚುವವಳಿಗೆ. ಐದು ಪುಟ ಬರೆದಿದ್ದೇನೆ. ನೀವು ಮುಂದಿನ ಸಾಲಿನಲ್ಲಿ ಕೂತಿರಬೇಕು, ದೊರೆ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಪಂಜರದಲ್ಲಿರಬೇಕು. ಮೊದಲ ಸಾಲಿನಲ್ಲೇ ನಿಮ್ಮನ್ನು ಹೊಗಳಿದ್ದೇನೆ, ನಾಚಿಕೊಳ್ಳಬೇಡಿ.

ಪುಟ್ಟಿ

ಏಪ್ರಿಲ್ ೧೦

ಮಾವನಿಗೆ ನಮಸ್ಕಾರ.

ಹತ್ತೊಂಬತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಆರೋಗ್ಯ ತಾನೇ? ಅತ್ತೆ? ದೊರೆ? ಸಭೆಗೆ ಬರುವ ಬಗ್ಗೆ ಕಾರ್ಯದರ್ಶಿಗೆ ತಿಳಿಸಬೇಕಂತೆ, ಪಂಜರಕ್ಕೆ ಮೇಜು ಬೇಕಲ್ಲ. ಒಂದು ಕಾರ್ಡು ಹಾಕಿ ಸಾಕು.

ಪುಟ್ಟಿ

ಏಪ್ರಿಲ್ ೧೫

ನಾವು ಚೆನ್ನಾಗಿದ್ದೇವೆ. ದೊರೆಯನ್ನು ತರುವುದಿಲ್ಲ. ನೀನೂ ಹೋಗಬೇಡ. ಎರಡು ಸಲ ಮರಿ ಮಾಡಿದ ಮಾತ್ರಕ್ಕೆ ಪಂಡಿತೆಯಾಗುವುದಿಲ್ಲ. ಅಲ್ಲಿ ಕೂತವರು ಮೂವತ್ತು ವರ್ಷ ಕೋಳಿ ಸಾಕಿದವರು, ನಿನ್ನನ್ನು ನೋಡಿ ನಗುತ್ತಾರೆ. ಗಡಿಯಾರದವಳು ಗಡಿಯಾರ ನೋಡಿಕೊಂಡಿದ್ದರೆ ಚೆಂದ. ಬರೆದದ್ದನ್ನು ಹರಿದು ಹಾಕು.

ಮಾವ

ಏಪ್ರಿಲ್ ೧೯

ಮಾವನವರಿಗೆ,

ತಮ್ಮ ಪತ್ರ ತಲುಪಿತು. ಎಷ್ಟು ಕೋಪದಲ್ಲಿ ಬರೆದಿದ್ದೀರೆಂದು ಓದುವ ಮೊದಲೇ ಗೊತ್ತಾಯಿತು, ಅಕ್ಷರಗಳೆಲ್ಲ ಮೊಳೆ ಹೊಡೆದಂತೆ ಅಡ್ಡಾದಿಡ್ಡಿಯಾಗಿವೆ.

ನನಗೆ ತುಂಬಾ ನೋವಾಗಿದೆ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಏಳು ವರ್ಷದವಳಿದ್ದಾಗ ಶಾಲೆಯ ಫೋಟೋದ ಹಿಂದಿನ ದಿನ ನಿಮ್ಮ ಕತ್ತರಿ ಕದ್ದು ಮುಂಗೂದಲು ಕತ್ತರಿಸಿಕೊಂಡು ಹಾಳು ಮಾಡಿಕೊಂಡಿದ್ದೆ. ಅಮ್ಮ ಬೆತ್ತ ಹುಡುಕುತ್ತಿದ್ದಾಗ ನೀವು ಬಂದು "ಅಕ್ಕಾ, ಕತ್ತರಿಸಿದ್ದು ನಾನೇ, ಇದು ಈಗಿನ ಹೊಸ ಫ್ಯಾಷನ್ನು" ಅಂದಿರಿ. ಅಮ್ಮ ಒಂದು ತಿಂಗಳು ನಿಮ್ಮ ಜೊತೆ ಮಾತು ಬಿಟ್ಟಿದ್ದರು. ಆ ಮಾವ ಈ ಕಾಗದ ಬರೆಯುತ್ತಿರಲಿಲ್ಲ.

ಯೋಚಿಸಿ ಯೋಚಿಸಿ ನನಗೆ ಹೊಳೆದದ್ದು ಒಂದೇ ಕಾರಣ, ಹೇಳಿಯೇ ಬಿಡುತ್ತೇನೆ. ಇಪ್ಪತ್ತೆರಡು ವರ್ಷ ನಿಮ್ಮ ಕಣ್ಣಿಗೆ ಬೀಳದ್ದು ನಾಲ್ಕು ತಿಂಗಳಲ್ಲಿ ನನ್ನ ಕಣ್ಣಿಗೆ ಬಿತ್ತೆಂದು ನಿಮಗೆ ಹೊಟ್ಟೆಕಿಚ್ಚು. ಇರಲಿ. ನಾನು ಸಭೆಗೆ ಹೋಗುತ್ತೇನೆ. ಇನ್ನು ಈ ವಿಷಯದಲ್ಲಿ ತಮಗೆ ತೊಂದರೆ ಕೊಡುವುದಿಲ್ಲ.

ಇತಿ, ಪುಟ್ಟಿ

ಮೇ ೨

ಪುಟ್ಟಿ,

ಈ ಕಾಗದ ಮೂರು ಸಲ ಶುರು ಮಾಡಿ ಮೂರು ಸಲ ಒಲೆಗೆ ಹಾಕಿದ್ದೇನೆ. ನಾಲ್ಕನೆಯದನ್ನು ನಿಮ್ಮತ್ತೆ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ, ಒಲೆಯನ್ನೂ ಆರಿಸಿದ್ದಾಳೆ.

ಕಾಗದದ ಜೊತೆ ಒಂದು ಚಿಮಟ ಇದೆ, ನೋಡು. ಹುಬ್ಬಿನ ಕೂದಲು ಕೀಳಲು ಸಲೂನಿನಲ್ಲಿ ಇಟ್ಟುಕೊಂಡಿದ್ದದ್ದು. ದೊರೆಯ ಕತ್ತು ಸಾಫಾಗಿರುವುದು ಅದರಿಂದ. ಅವನ ಅಪ್ಪನದ್ದೂ ಅದರಿಂದಲೇ, ಕಪ್ ಗೆದ್ದ ಅವನ ಅಜ್ಜನದ್ದೂ. ನನ್ನ ಗೂಡಿನಲ್ಲಿ ಸಾಫು ಕತ್ತು ಅನ್ನುವುದು ಒಂದು ದಿನವೂ ಹುಟ್ಟಿಲ್ಲ. ಎಲ್ಲವೂ ಕುಚ್ಚಿನವೇ. ಹದಿನೈದು ದಿನಕ್ಕೊಮ್ಮೆ ಬೆಚ್ಚಗಿನ ಎಣ್ಣೆ ಸವರಿ, ಒಂದೊಂದೇ ಗರಿ ಕಿತ್ತು, ಮೇಲೆ ಪುಡಿ ಹಚ್ಚುತ್ತಿದ್ದೆ. ನಿನ್ನ ಪುಸ್ತಕ ಸರಿ. ನಿನ್ನ ಎಣಿಕೆ ಸರಿ. ಹೊಸದೇನೂ ಇಲ್ಲ ಮಗಳೇ, ಹಳೇ ಮೋಸ.

ಹನ್ನೊಂದು ವರ್ಷದ ಹಿಂದೆ ಪ್ರದರ್ಶನದ ದಿನ ಬೆಳಗ್ಗೆ ಪಂಜರದ ಮುಂದೆ ನಿಂತಿದ್ದೆ. ಅಂಥ ಹುಂಜ ನಾನು ಮತ್ತೆ ಕಂಡಿಲ್ಲ. ಎದೆ, ಕಾಲು, ಜುಟ್ಟು, ಎಲ್ಲ ಅಚ್ಚುಕಟ್ಟು, ಕತ್ತಿನಲ್ಲಿ ಮಾತ್ರ ಆ ನಾಲ್ಕು ಗರಿ. ನಲವತ್ತು ವರ್ಷ ಜನರ ಕತ್ತಿನ ಹಿಂದಿನ ಕೂದಲು ಸರಿ ಮಾಡಿದ ಕೈ, ಸುಮ್ಮನಿರಲಿಲ್ಲ. ಕಿತ್ತ ಮೇಲೆ ಏನು ಮಾಡಿದೆ ಅಂತ ಹೊಳೆಯಿತು. ಅಷ್ಟರಲ್ಲಿ ತೀರ್ಪುಗಾರರು ಬಂದರು. ಆಮೇಲೆ ಆ ಸಾಲಿನ ಹುಂಜ ನೋಡಬೇಕು ಅಂತ ಜನ ಮನೆಗೇ ಬರತೊಡಗಿದರು. ಅವರಿಗೆ ಏನು ತೋರಿಸಲಿ? ಕೀಳುತ್ತಲೇ ಹೋದೆ. ನಿಮ್ಮತ್ತೆಗೆ ಅವತ್ತೇ ಗೊತ್ತಾಗಿತ್ತು. ಒಂದು ಮಾತು ಆಡಲಿಲ್ಲ. ಆ ಕಪ್ಪನ್ನು ಒಂದು ದಿನವೂ ಒರೆಸಲಿಲ್ಲ, ಅಷ್ಟೇ. ಮೊಟ್ಟೆಯ ಮೇಲೆ ತಾರೀಕು ಬರೆದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು ಯಾಕೆ ಹಾಗೆ ಮಾಡಿದಳು ಅಂತ ಈಗ ಗೊತ್ತಾಯಿತಲ್ಲ.

ಕಳೆದ ಚಳಿಗಾಲದಿಂದ ನನ್ನ ಕೈ ನಡುಗುತ್ತದೆ. ಸಲೂನು ಮುಚ್ಚಿದ್ದು ಮಂಡಿ ನೋವಿಗೆ ಅಂದಿದ್ದೆ, ಅದೂ ಸುಳ್ಳು. ನೀನು ಕೋಪ ಅಂತ ಓದಿದ ಅಕ್ಷರ ಕೋಪದ್ದಲ್ಲ. ಮಾರ್ಚಿನಲ್ಲಿ ದೊರೆಯ ಕತ್ತಿನಲ್ಲಿ ರಕ್ತ ಬರಿಸಿಬಿಟ್ಟೆ. ಯಾವಾಗಲೂ ಗಿರಾಕಿಯ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದವನು ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಅವತ್ತಿನಿಂದ ಚಿಮಟ ಮುಟ್ಟಿಲ್ಲ. ಈಗ ಅವನ ಕುಚ್ಚು ಮರಳಿ ಬಂದಿದೆ. ನಿನಗೆ ಮೊಟ್ಟೆ ಕೊಟ್ಟದ್ದು ಯಾಕೆ ಗೊತ್ತಾ? ನನ್ನಿಂದ ಆಗದ್ದು ನಿನ್ನ ಕೈಯಲ್ಲಾದರೂ ಆಗಲಿ, ಒಂದೇ ಒಂದು ನಿಜವಾದ ಸಾಫು ಕತ್ತು ನೋಡಿ ಕಣ್ಣು ಮುಚ್ಚೋಣ ಅಂತ.

ಹೊಟ್ಟೆಕಿಚ್ಚಲ್ಲ ಪುಟ್ಟಿ, ಹೆದರಿಕೆ. ನೀನು ಅಷ್ಟು ಜನರೆದುರು ನನ್ನನ್ನು ಹೊಗಳುತ್ತೀಯ, ಯಾರೋ ಒಬ್ಬ ಬುದ್ಧಿವಂತ ಎದ್ದು ನಿಂತು "ಹುಂಜದ ಗರಿ ಕಿತ್ತಿದ್ದಾರೆ ಅಂತ ಯಾಕೆ ಹೊಳೀಲಿಲ್ಲ?" ಅನ್ನುತ್ತಾನೆ, ನಿನ್ನ ಮುಖ ಹೇಗಾಗುತ್ತದೆ ಅಂತ ನೆನೆದು ನೆನೆದು ಊಟ ಸೇರುತ್ತಿರಲಿಲ್ಲ. ನಿಜ ಹೇಳಲು ಬಾಯಿ ಬಾರದೆ ನಿನ್ನನ್ನೇ ಬೈದೆ. ಕ್ಷಮಿಸು ಅಂತ ಕೇಳುವ ಮುಖವೂ ಇಲ್ಲ.

ನಿನ್ನ ಮಾವ

ಮೇ ೭

ನನ್ನ ಮಾವನಿಗೆ,

ನಿಮ್ಮ ಕಾಗದ ಓದಿ ಮೊದಲು ಅಂಗಡಿಯ ಬಾಗಿಲು ಹಾಕಿದೆ. ಸಿಟ್ಟು ಬಂತು, ಅಳು ಬಂತು, ಆಮೇಲೆ ನಗು ಬಂತು. ಇಡೀ ಲೋಕಕ್ಕೆ ಹೊಸದನ್ನು ಕಂಡುಹಿಡಿದೆನೆಂದು ಐದು ಪುಟ ಬರೆದವಳಿಗೆ, ಮಾವ ಕ್ಷೌರಿಕ ಅನ್ನುವುದೇ ಹೊಳೆಯಲಿಲ್ಲವಲ್ಲ! ನಿಮ್ಮ ಸಲೂನಿನ ಕುರ್ಚಿಯಿಂದ ಎದ್ದು ಬಂದವನಂತಿದ್ದ ಅಂತ ನಾನೇ ಬರೆದಿದ್ದೆ. ಹೊಟ್ಟೆಕಿಚ್ಚು ಅಂದದ್ದಕ್ಕೆ ನೀವು ನನ್ನನ್ನು ಕ್ಷಮಿಸಬೇಕು. ಕೈ ನಡುಕಕ್ಕೆ ಡಾಕ್ಟರಿಗೆ ತೋರಿಸಿದಿರಾ? ಅದನ್ನು ಮುಚ್ಚಿಟ್ಟದ್ದಕ್ಕೆ ಮಾತ್ರ ಕ್ಷಮೆ ಇಲ್ಲ.

ಕಾರ್ಯದರ್ಶಿಗೆ ಬರೆದು ಹದಿನೈದು ನಿಮಿಷ ವಾಪಸ್ಸು ಮಾಡಿದ್ದೇನೆ. ಎರಡು ಗೂಡಿನ ಮೊಟ್ಟೆಗಳು ನನ್ನ ಪೆಟ್ಟಿಗೆಯಲ್ಲಿ ಬೆರೆತುಹೋಗಿದ್ದವು, ಎಣಿಕೆ ತಪ್ಪಿದ್ದು ನಾನೇ ಅಂತ ತಿಳಿಸಿದೆ. ಮುಂಗೂದಲಿನ ಸಾಲ ತೀರಿತು ಅಂದುಕೊಳ್ಳಿ. ಇನ್ನು ಯಾರಿಗೂ ಏನೂ ಗೊತ್ತಾಗಬೇಕಿಲ್ಲ.

ಆದರೆ ನನ್ನ ತಲೆ ಸುಮ್ಮನಿರುವುದಿಲ್ಲವಲ್ಲ. ಒಂದು ಪ್ರಶ್ನೆ. ನಿಮ್ಮ ನೇಮ ಹೇಳಿದಿರಿ, ಬೋಳು ಹುಂಜಕ್ಕೆ ಗರಿಯ ಹೇಟೆ ಅಂತ. ಆ ಮೊದಲ ಜಡಿಮಳೆಯ ವರ್ಷದ ನಂತರ ಕುಚ್ಚಿನ ಹುಂಜವನ್ನು ಕುಚ್ಚಿನ ಹೇಟೆಯ ಜೊತೆ ಒಂದು ಸಲವೂ ಬಿಟ್ಟಿಲ್ಲವೇ? ಒಂದೇ ಒಂದು ಸಲ?

ಪುಟ್ಟಿ

ಮೇ ೨೧

ಪುಟ್ಟಿಗೆ,

ಇಲ್ಲ, ಒಂದು ಸಲವೂ ಬಿಟ್ಟಿಲ್ಲ. ಯಾಕೆ ಕೇಳುತ್ತೀಯೋ ಗೊತ್ತಿಲ್ಲ.

ನಿನ್ನ ಮೇಲೆ ನನಗೀಗ ನಿಜವಾಗಿಯೂ ಕೋಪ ಬಂದಿದೆ. ಎಣಿಕೆ ತಪ್ಪಿತು ಅಂತ ಬರೆದೆಯಾ? ಎಣಿಸಲು ಬಾರದವಳ ಕೈಗೆ ಯಾರು ಗಡಿಯಾರ ಕೊಡುತ್ತಾರೆ? ಮುಂಗೂದಲು ಮೂರು ತಿಂಗಳಲ್ಲಿ ಬೆಳೆಯಿತು. ಹೆಸರು ಹಾಗೆ ಬೆಳೆಯುವುದಿಲ್ಲ.

ಅದಕ್ಕೇ ಹದಿನೆಂಟನೇ ತಾರೀಕು ನಾನೇ ಸಭೆಗೆ ಹೋದೆ. ಮೂರು ಗಂಟೆಯ ಬಸ್ ಪ್ರಯಾಣ, ತೊಡೆಯ ಮೇಲೆ ದೊರೆಯ ಪಂಜರ, ಚೀಲದಲ್ಲಿ ಕಪ್. ನಿನ್ನ ಹೆಸರಿನ ಮೇಲೆ ಗೆರೆ ಎಳೆದಿದ್ದ ಜಾಗದಲ್ಲಿ ಎದ್ದು ನಿಂತು, "ಆ ಹುಡುಗಿ ಎಣಿಸಿದ್ದು ಸರಿಯಾಗೇ ಇತ್ತು, ತಪ್ಪು ನಂದು" ಅಂದೆ. ಪಂಜರದ ಬಟ್ಟೆ ತೆಗೆದೆ. ದೊರೆ ಕುಚ್ಚು ಉಬ್ಬಿಸಿಕೊಂಡು ಸಭೆ ತನ್ನದೇ ಅನ್ನುವ ಹಾಗೆ ಕೂಗಿದ. ಏನು ಮಾಡಿದೆ, ಎಷ್ಟು ವರ್ಷ ಮಾಡಿದೆ, ಎಲ್ಲ ಹೇಳಿದೆ. ನಿನ್ನ ಹದಿನೈದು ನಿಮಿಷದಲ್ಲಿ ಎರಡೇ ನಿಮಿಷ ತೆಗೆದುಕೊಂಡೆ.

ಹಿಂದಿನ ಸಾಲಿನಲ್ಲಿ ಮೂರು ಜನ ಮೆಲ್ಲಗೆ ತಮ್ಮ ತಮ್ಮ ಪಂಜರಗಳ ಮೇಲೆ ಬಟ್ಟೆ ಮುಚ್ಚಿದ್ದನ್ನು ನಾನು ನೋಡಿದೆ. ಅವರ ವಿಚಾರ ನನಗೆ ಬೇಡ. ಕಾರ್ಯದರ್ಶಿ ಕಪ್ ತೆಗೆದುಕೊಂಡು, ಎಲ್ಲಿಡುವುದು ಅಂತ ತಿಳಿಯದೆ ಮೇಜಿನ ಕೆಳಗಿಟ್ಟರು. ಹೊರಗೆ ಬಂದಾಗ ಕೆಲವರು ಮುಖ ತಿರುಗಿಸಿದರು. ಒಬ್ಬ ಮುದುಕ ಮಾತ್ರ ದೊರೆಯನ್ನು ನೋಡಿ "ಕುಚ್ಚಿದ್ರೂ ಗಂಡು ಚೆನ್ನಾಗಿದಾನೆ" ಅಂದ.

ಮನೆಗೆ ಬಂದು ನೋಡುತ್ತೇನೆ, ಕಪ್ ಇದ್ದ ಜಾಗವನ್ನು ನಿಮ್ಮತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿದ್ದಾಳೆ. ಅವತ್ತು ಹೊಟ್ಟೆ ತುಂಬಾ ಊಟ ಮಾಡಿದೆ. ಕೈಗೆ ಮಾತ್ರೆ ಶುರುವಾಗಿದೆ, ನಿನ್ನ ಕಾಟ ತಪ್ಪಿಸಿಕೊಳ್ಳಲು.

ಇನ್ನು ಕೋಳಿ ಸಾಕಿದ್ದು ಸಾಕು. ದೊರೆ ಬದುಕಿರುವಷ್ಟು ದಿನ ಇರುತ್ತಾನೆ. ಇಪ್ಪತ್ತೆರಡು ವರ್ಷ ಬೇಡಿದ್ದು ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಮಾವ

ಸೆಪ್ಟೆಂಬರ್ ೮

ಮಾವ!

ಕೂತಿದ್ದೀರಾ? ಕೂತುಕೊಳ್ಳಿ. ಅತ್ತೆಯನ್ನೂ ಕರೆಯಿರಿ.

ಬೇಸಿಗೆಯಿಂದ ನಿಮಗೆ ಹವಾಮಾನ, ಕೆಮ್ಮು, ಬೇಕರಿಯವರ ಜಗಳ ಇಷ್ಟನ್ನೇ ಬರೆದು ಕಳಿಸುತ್ತಿದ್ದೆ. ಒಂದು ವಿಷಯ ಬೇಕೆಂದೇ ಮುಚ್ಚಿಟ್ಟಿದ್ದೆ. ಮುಚ್ಚಿಡುವುದು ನಮ್ಮ ಮನೆತನದಲ್ಲೇ ಇದೆ ಅಂತ ಕಾಣುತ್ತದೆ. ಜನವರಿಯ ನನ್ನ ಐದು ಕುಚ್ಚಿನ ಮರಿಗಳಲ್ಲಿ ಒಂದು ಹುಂಜ, ನಾಲ್ಕು ಹೇಟೆ. ಜುಲೈ ಕೊನೆಗೆ ಹೇಟೆಗಳು ಮೊಟ್ಟೆಗೆ ಬಂದವು. ತುಂಬುಗತ್ತಿನವನ್ನೆಲ್ಲ ಬೇಕರಿಯವರಿಗೆ ಕೊಟ್ಟು, ಈ ಐದನ್ನೇ ಒಂದು ಗೂಡಿನಲ್ಲಿ ಬಿಟ್ಟೆ. ನಿಮ್ಮ ನೇಮ ಮುರಿದೆ. ಕುಚ್ಚಿಗೆ ಕುಚ್ಚು.

ಯಾಕೆ ಅಂದರೆ, ಕುಚ್ಚಿನದ್ದರ ಹತ್ತಿರ ಬೋಳಿನ ಪಾಲು ಒಂದು ಇದೆ. ಅಪ್ಪನೂ ತನ್ನ ಒಂದನ್ನು ಕೊಟ್ಟು, ಅಮ್ಮನೂ ತನ್ನ ಒಂದನ್ನು ಕೊಟ್ಟರೆ ಮರಿಗೆ ಎರಡಾಗುತ್ತದೆ. ನಾಲ್ಕರಲ್ಲಿ ಒಂದಕ್ಕೆ ಹಾಗಾಗಬೇಕು ಅನ್ನುತ್ತದೆ ಪುಸ್ತಕ. ನೀವು ಯಾವಾಗಲೂ ಗರಿಯ ಹೇಟೆಯನ್ನೇ ಬಿಟ್ಟಿರಿ, ಅವುಗಳ ಹತ್ತಿರ ಕೊಡಲು ಏನೂ ಇರಲಿಲ್ಲ. ಕೊಡಬಲ್ಲ ಹೇಟೆಗಳನ್ನೆಲ್ಲ ಹಾಲಿನವಳಿಗೆ ಕೊಟ್ಟಿರಿ. ಆ ಮೊದಲ ವರ್ಷದ ನಾಲ್ಕು ಮರಿಗಳನ್ನು ಕೊಂದದ್ದು ಬೋಳು ಕತ್ತಲ್ಲ ಮಾವ, ಜಡಿಮಳೆ. ಅಂಥ ಮಳೆಯಲ್ಲಿ ಯಾವ ಮರಿಯಾದರೂ ಸಾಯುತ್ತಿತ್ತು. ಇಪ್ಪತ್ತೆರಡು ವರ್ಷ ನೀವು ಹುಡುಕಿದ್ದು ನಿಮ್ಮ ಅಂಗಳದಲ್ಲೇ ಓಡಾಡುತ್ತಿತ್ತು ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಹದಿನೈದು ಮೊಟ್ಟೆ ಇಟ್ಟೆ. ಹದಿಮೂರು ಮರಿಯಾದವು. ಮೂರು ತುಂಬುಗತ್ತು. ಏಳು ಕುಚ್ಚು. ಇನ್ನು ಮೂರು.

ಆ ಮೂರನ್ನು ಭೂತಗನ್ನಡಿ ಹಾಕಿ ನೋಡಿದೆ. ದನದ ಡಾಕ್ಟರನ್ನು ಕರೆದು ಅವರ ಕಣ್ಣಿಗೂ ಹಾಕಿಸಿ ತೋರಿಸಿದೆ. ಕತ್ತಿನ ಮೇಲೆ ಒಂದು ಎಳೆ ಇಲ್ಲ ಮಾವ, ತಲೆಯಿಂದ ಎದೆಯವರೆಗೆ ಬರೀ ಗುಲಾಬಿ ಚರ್ಮ. ಯಾರೂ ಕೀಳದೆ ಹಾಗೇ ಹುಟ್ಟಿವೆ. ಮೂರೂ ಗಟ್ಟಿಯಾಗಿವೆ, ಬಲ್ಬಿನ ಪಕ್ಕದ ಜಾಗಕ್ಕೆ ಉಳಿದ ಹತ್ತನ್ನೂ ತಳ್ಳಿಕೊಂಡು ನುಗ್ಗುತ್ತವೆ.

ಬನ್ನಿ ಮಾವ. ಕೈ ನಡುಗಿದರೂ ಪರವಾಗಿಲ್ಲ, ಇವುಗಳಿಗೆ ನಿಮ್ಮ ಕೈಯಿಂದ ಆಗಬೇಕಾದ್ದು ಏನೂ ಇಲ್ಲ. ಚಿಮಟ ಮಾತ್ರ ವಾಪಸ್ಸು ಕೇಳಬೇಡಿ. ಕೂದಲೆಳೆಯ ಸ್ಪ್ರಿಂಗು ಹಿಡಿಯಲು ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಪುಟ್ಟಿ

ಸೆಪ್ಟೆಂಬರ್ ೧೪

ಪುಟ್ಟಿಗೆ,

ನಿನ್ನ ಕಾಗದವನ್ನು ನಿಮ್ಮತ್ತೆ ಗಟ್ಟಿಯಾಗಿ ಓದಿದಳು. ನಾನು ಕೇಳುತ್ತಾ ಕೂತಿದ್ದೆ. ಮುಗಿದ ಮೇಲೆ ಇನ್ನೊಂದು ಸಲ ಓದು ಅಂದೆ. ಮೂರನೇ ಸಲ ಕೇಳಿದಾಗ "ಕೋಳಿ ನೋಡೋಕೆ ಕಿವಿ ಯಾಕೆ, ಕಣ್ಣಿಲ್ವಾ? ನಡೀರಿ" ಅಂದಳು.

ಹಾಲಿನವಳನ್ನು ಕರೆದು ಕೇಳಿದೆ, ನಾನು ಕೊಟ್ಟ ಹೇಟೆಗಳು ಏನಾದವು ಅಂತ. "ಅವುಕ್ಕೆ ಒಂದು ಬೋಳು ಹುಂಜ ಬಿಟ್ಟಿದ್ದೆ, ಕತ್ತು ಪೂರಾ ಬೋಳಾಗಿರೋ ಮರಿ ಎಷ್ಟೋ ಆದವು. ನೀವು ನಗ್ತೀರ ಅಂತ ತೋರಿಸ್ಲಿಲ್ಲ" ಅಂದಳು. ಎರಡು ಬೀದಿ ಆಚೆ! ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಮೇಲೆ ನಾವು ಮೂವರೂ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಹೊರಡುತ್ತೇವೆ ಅಂದೆ, ನೋಡಿದೆಯಾ? ಹನ್ನೊಂದು ವರ್ಷದಲ್ಲಿ ನನ್ನ ಕೋಳಿ ನೋಡಲು ಅಂತ ನಿಮ್ಮತ್ತೆ ಒಂದು ಪ್ರದರ್ಶನಕ್ಕೂ ಬಂದವಳಲ್ಲ. ಈಗ ನನಗಿಂತ ಮೊದಲು ಚೀಲ ತುಂಬಿಟ್ಟಿದ್ದಾಳೆ. ಬಗ್ಗಿ ನೋಡಿದರೆ ಬಟ್ಟೆಗಳ ಮೇಲೆ ಒಂದು ಒರೆಸುವ ಬಟ್ಟೆ, ಹೊಸದು, ಅಂಚು ಹೊಲಿದದ್ದು. ಅಲ್ಲಿ ಏನು ಒರೆಸುತ್ತೀಯೇ ಮಾರಾಯ್ತಿ ಅಂತ ಕೇಳಿದೆ.

"ನನಗಲ್ಲ, ಅವಳಿಗೆ" ಅಂದಳು. "ಮುಂದಿನ ವರ್ಷ ಅವಳ ಮನೆಗೆ ಕಪ್ ಬರತ್ತಲ್ಲ, ದಿನಾ ಒರೆಸ್ಬೇಕಾಗತ್ತೆ."

ನಿನ್ನ ಮಾವ